ಮುಟ್ಟಿದರೆ ನೀಲಿಯಾಗುವ ಪಟ್ಟಿ

ಅರವತ್ತು ದಾಟಿದವರೆಲ್ಲ ತೊಡಲೇಬೇಕಾದ ತೋಳುಪಟ್ಟಿಯ ಬಟ್ಟೆಯನ್ನು ರೂಪಿಸಿದವರು ಧಾರವಾಡದ ಸುಲೋಚನಾ ಹೂಲಿ. ಇನ್ನೊಬ್ಬರ ಕೈ ಸೋಕಿದರೆ ಅದು ನೀಲಿಯಾಗುತ್ತಿತ್ತು. ಮೂವತ್ತು ದಿನ ಯಾರೂ ಮುಟ್ಟದಿದ್ದರೆ ಬೂದಿ ಬಣ್ಣಕ್ಕೆ ತಿರುಗಿ ಆರೋಗ್ಯ ಕೇಂದ್ರಕ್ಕೆ ಸುದ್ದಿ ಕಳಿಸುತ್ತಿತ್ತು. ಆಗ ಅಲ್ಲಿಂದ ಯಾರಾದರೂ ಬಂದು ಸ್ವಲ್ಪ ಹೊತ್ತು ಕೈ ಹಿಡಿದು ಕೂರುತ್ತಿದ್ದರು.

ನಿವೃತ್ತರಾದ ಮೇಲೆ ಸುಲೋಚನಾ ತಮ್ಮ ಬಟ್ಟೆಗೇ ಮೋಸ ಮಾಡುತ್ತಿದ್ದರು. ತಿಂಗಳು ತುಂಬುವ ಮೊದಲು ಬಿಸಿನೀರಿನ ಚೀಲವನ್ನು ಅದರ ಮೇಲಿಟ್ಟರೆ ಸಾಕು, ನೀಲಿಯಾಗುತ್ತಿತ್ತು. ಈ ತಿಂಗಳು ಮಾತ್ರ ನೀರು ಕಾಯಿಸಲು ಮನಸ್ಸಾಗಲಿಲ್ಲ. ಪಟ್ಟಿ ಬೂದಿಯಾಯಿತು.

ಮರುದಿನ ಬೆಳಿಗ್ಗೆ ಕೇಂದ್ರದ ಶಾಹೀನ್ ಬಂದು ಅವರ ತೋಳಿನ ಮೇಲೆ ಕೈಯಿಟ್ಟು ಕೂತಳು.

“ಎರಡು ವರ್ಷದಾಗ ಒಮ್ಮೀನೂ ನಿಮ್ಮ ಮನಿಗೆ ಬಂದಿಲ್ಲ ನಾವು. ಯಾರರ ನಿಮ್ಮ ಜೋಡಿ ಇದ್ರೇನ್ರಿ ಅಮ್ಮಾರ?”

ಹೌದೆಂದು ಹೇಳಿಬಿಡಬಹುದಿತ್ತು.

“ಯಾರೂ ಇದ್ದಿಲ್ಲವ್ವಾ,” ಎಂದರು ಸುಲೋಚನಾ. “ಬಿಸಿನೀರಿನ ಚೀಲ ಇಟ್ಕೋತಿದ್ದೆ. ನನಗ ಯಾರೂ ಇಲ್ಲಂತ ನಾ ಮಾಡಿದ ಬಟ್ಟಿನೇ ಮಂದಿಗೆ ಹೇಳೂದು ಬ್ಯಾಡಾಗಿತ್ತು.”

ಪಟ್ಟಿ ಆಗಲೇ ನೀಲಿಯಾಗಿತ್ತು. ಶಾಹೀನಳಿಗೆ ಹೋಗಬೇಕಾದ ಇನ್ನೂ ಒಂಬತ್ತು ಮನೆಗಳಿದ್ದವು. ಆದರೂ ಅವಳು ಕೈ ತೆಗೆಯಲಿಲ್ಲ.

“ನಾಷ್ಟಾ ಆತೇನ್ರಿ?” ಎಂದು ಕೇಳಿದಳು.

ಸುಲೋಚನಾ ಇಲ್ಲವೆಂದು ತಲೆಯಾಡಿಸಿದರು. ಬಾಯಿ ತೆರೆದರೆ ಅಳು ಬರುವಂತಿತ್ತು.