ಬಿಸಿಲಿಗೆ ಹಿಡಿದ ಬಣ್ಣ

ಮಕ್ಕಳು ಹುಟ್ಟುವುದು ನೀರಿನಂತೆ, ಬಣ್ಣವಿಲ್ಲದೆ. ಆರು ವರ್ಷ ತುಂಬಿದ ಮೇಲೆ ಬಣ್ಣದ ಕಚೇರಿಗೆ ಕರೆದೊಯ್ದು ಅಪ್ಪನದೋ ಅವ್ವನದೋ ಮೈಬಣ್ಣ ಹಾಕಿಸಬೇಕು. ಮಗಳು ಆಬೆನಾಳನ್ನು ಕರೆತಂದಿದ್ದ ಹುಬ್ಬಳ್ಳಿಯ ಪ್ರಮೀಳಾ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದಳು. ಬ್ಲೌಸ್ ಪೀಸಿನ ಅಂಗಡಿಯಲ್ಲಿ ಹತ್ತು ವರ್ಷ ಸೀರೆಗಳಿಗೆ ಬಣ್ಣ ಹೊಂದಿಸಿದವಳಿಗೆ ಇಂದು ಎರಡೇ ಬಣ್ಣಗಳ ಮುಂದೆ ಏನೂ ತೋಚದಂತಾಗಿತ್ತು: ತನ್ನ ಗೋಧಿ ಬಣ್ಣ, ಘಾನಾದಿಂದ ಬಂದ ಗಂಡ ಕೋಫಿಯ ಕಡುಗಪ್ಪು.

"ಎರಡೂ ಚಲೋನ ಅದಾವ. ನಿನಗ ಯಾವುದು ಬೇಕೋ ಅದನ್ನ ತಗೋ," ಎಂದು ವಾರದಿಂದ ಹೇಳಿದ್ದನ್ನೇ ಮತ್ತೆ ಹೇಳಿದಳು. ಬಸ್ಸಿನಲ್ಲಿ ಕೋಫಿಯ ಪಕ್ಕದ ಸೀಟು ಖಾಲಿಯೇ ಉಳಿಯುವುದನ್ನು ಮಾತ್ರ ಹೇಳಿರಲಿಲ್ಲ.

ಕಚೇರಿಯ ಹೆಂಗಸು ಎರಡೂ ಬಣ್ಣ ಬಳಿದ ಒಂದು ಕಾರ್ಡು ಕೊಟ್ಟಳು. ಆಬೆನಾ ಅವ್ವನ ಸೆರಗು ಜಗ್ಗಿದಳು.

"ಟ್ಯೂಬ್‌ಲೈಟಿನಾಗ ಬಣ್ಣ ಮೋಸ ಮಾಡತಾವಂತ ಅಂಗಡ್ಯಾಗ ನೀನ ಹೇಳತೀಯಲ್ಲಾ? ಬಾಗಲಕ್ಕ ನಡಿ."

ಬಾಗಿಲಲ್ಲಿ ನಿಂತು ಪ್ರಮೀಳಾ ಕಾರ್ಡನ್ನು ಬಿಸಿಲಿಗೆ ಹಿಡಿದಳು. ಮಗಳು ಬಗ್ಗಿ ನೋಡಿದಳು, ತುದಿಗಾಲಲ್ಲಿ ನಿಂತು ನೋಡಿದಳು.

"ಅವ್ವಾ, ಬೆರಳು ತಗಿ," ಎಂದಳು. "ಅಪ್ಪನ ಬಣ್ಣ ಕಾಣವಲ್ದು."