ಕರ್ನಲ್ ವಾಲ್ರಾಫರ ಏಕೈಕ ಭಾವಚಿತ್ರ

ಬಾನ್ ರೈಲು ನಿಲ್ದಾಣದ ಮೆಟ್ಟಿಲ ಮೇಲೆಯೇ ಹೆಂಗಸರ ಗುಂಪೊಂದು ಗೆರ್ನೋಟ್ ಪ್ರಿಲ್ವಿಟ್ಸರನ್ನು ಅಡ್ಡಗಟ್ಟಿತು. ಒಬ್ಬಳು ತೋಳು ಹಿಡಿದಳು. ಇನ್ನೊಬ್ಬಳು ಕತ್ತರಿ ತೆಗೆದಳು. ಕಚಕ್! ರೇಷ್ಮೆಯ ಟೈ ಅರ್ಧಕ್ಕೆ ಅರ್ಧ ಹೋಯಿತು.

"ಪೊಲೀಸ್!" ಎಂದು ಅರಚಿದರು ಪ್ರಿಲ್ವಿಟ್ಸ್.

"ಇವತ್ತು ಪೊಲೀಸೂ ನಾವೇ, ಮೇಯರೂ ನಾವೇ ಕಣಣ್ಣ!" ಎಂದು ಕತ್ತರಿಯವಳು ಕೇಕೆ ಹಾಕಿದಳು.

ಕಾರ್ನಿವಲ್ ಗುರುವಾರ. ವೇಷ ಹಾಕಿ ಕುಣಿಯುವ ಹಬ್ಬ; ಅವತ್ತು ರೈನ್ ನದಿಯ ದಂಡೆಯಲ್ಲಿ ಹೆಂಗಸರದ್ದೇ ರಾಜ್ಯಭಾರ, ಕಂಡ ಗಂಡಸಿನ ಟೈಗೆ ಕತ್ತರಿ. ಟೈ ಕಟ್ಟಿಕೊಂಡು ಬೀದಿಗಿಳಿಯುವ ಗಂಡಸು ಒಂದೋ ಹುಚ್ಚ, ಇಲ್ಲವೇ ಪ್ರಷ್ಯದವನು. ಪ್ರಿಲ್ವಿಟ್ಸ್ ಪ್ರಷ್ಯದ ಪಾಟ್ಸ್‌ಡ್ಯಾಮಿನವರು. ಜರ್ಮನಿಯ ಹಳೇ ಚಕ್ರವರ್ತಿ ಕೈಸರನ ಸೈನ್ಯದ ಅಧಿಕಾರಿಗಳ ಚರಿತ್ರೆ ಬರೆಯುವುದೇ ಅವರ ಬದುಕು. ಹಳೇ ಫೋಟೋದಲ್ಲಿ ಭುಜಪಟ್ಟಿಯ ತುದಿ ಕಂಡರೆ ಸಾಕು, ರೆಜಿಮೆಂಟು ಯಾವುದು, ದರ್ಜೆ ಯಾವುದು ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದರು.

ಅವರ ಹೊಸ ರೆಜಿಮೆಂಟ್ ಚರಿತ್ರೆ ಅಚ್ಚಿಗೆ ಸಿದ್ಧವಾಗಿತ್ತು. ಎಲ್ಲ ಅಧಿಕಾರಿಗಳ ಫೋಟೋ ಸಿಕ್ಕಿತ್ತು. ಕೊನೆಯ ಕಮಾಂಡರ್ ಕರ್ನಲ್ ಕ್ವಿರೀನ್ ವಾಲ್ರಾಫರದ್ದು ಮಾತ್ರ ಇಲ್ಲ. ಸೈನ್ಯದ ಪತ್ರಾಗಾರ ಬಾಂಬಿಗೆ ಸಿಕ್ಕಿ ಬೂದಿಯಾಗಿತ್ತಲ್ಲ, ಇನ್ನೆಲ್ಲಿಂದ ತರುವುದು? ಹಾಗಂತ ಯಾವುದೋ ಮುಖ ಹಾಕುವ ಹಾಗೂ ಇರಲಿಲ್ಲ. ಹಿಂದೊಮ್ಮೆ ಇನ್ನೊಬ್ಬ ಇತಿಹಾಸಕಾರ ಡಾಕ್ಟರ್ ಕ್ನಾಕ್ ತಮ್ಮ ಪುಸ್ತಕದಲ್ಲಿ ಒಬ್ಬ ಕ್ಯಾಪ್ಟನ್ನನ ಬದಲು ಅವನ ತಮ್ಮನ ಫೋಟೋ ಹಾಕಿದ್ದಕ್ಕೆ, ತುಂಬಿದ ಸಭೆಯಲ್ಲಿ ಅವರ ಮಾನ ಹರಾಜು ಹಾಕಿದವರೇ ಈ ಪ್ರಿಲ್ವಿಟ್ಸ್. ಅಂದಿನಿಂದ ಕ್ನಾಕ್ ಹಲ್ಲು ಮಸೆಯುತ್ತಾ ಕಾದಿದ್ದರು. ಒಂದು ತಪ್ಪು ಫೋಟೋ ಸಾಕು, ಪ್ರಿಲ್ವಿಟ್ಸ್ ಮತ್ತೆ ತಲೆ ಎತ್ತುವಂತಿರಲಿಲ್ಲ.

ಕರ್ನಲ್ಲರ ಒಂದೇ ಒಂದು ಫೋಟೋ ಬಾನ್‌ನಲ್ಲಿ ಮೊಮ್ಮಗಳ ಬಳಿ ಉಳಿದಿದೆ ಎಂದು ತಿಳಿದೇ ಅವರು ಬಂದಿದ್ದರು. ಆ ಮೊಮ್ಮಗಳು ಬಿಲ್ಲಾ ವಾಲ್ರಾಫ್ ಬಾಗಿಲು ತೆರೆದರು. ಎಂಬತ್ತು ದಾಟಿದ ಮುದುಕಿ. ತುಂಡಾದ ಟೈ ನೋಡಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಸ್ವಾಮಿ, ಇವತ್ತೇ ಬರಬೇಕಿತ್ತಾ! ಬನ್ನಿ ಬನ್ನಿ, ಮೊದಲು ತಿಂಡಿ ತಿನ್ನಿ."

"ಮೊದಲು ಫೋಟೋ," ಎಂದರು ಪ್ರಿಲ್ವಿಟ್ಸ್ ಸಿಡುಕಿ.

ಫೋಟೋ ಬಂತು. ಹುರಿಮೀಸೆಯ ಅಧಿಕಾರಿ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಸೆಟೆದು ನಿಂತಿದ್ದಾರೆ. ಪಕ್ಕದಲ್ಲಿ ಹೂವಿನ ಲಂಗದ, ಜಡೆ ಇಳಿಬಿಟ್ಟ ದಷ್ಟಪುಷ್ಟ ಹೆಂಗಸು ನಾಚಿಕೊಂಡು ಅವರ ಭುಜಕ್ಕೆ ಒರಗಿದ್ದಾಳೆ. ಪ್ರಿಲ್ವಿಟ್ಸ್ ಭೂತಗನ್ನಡಿ ಹಿಡಿದು ಬಗ್ಗಿದರು. ಗುಂಡಿ ಸರಿ. ಭುಜಪಟ್ಟಿ ಸರಿ. ಪದಕಗಳ ಸಾಲು ಸರಿ. ಕೋಟು ಮಾತ್ರ ಕೊಂಚ ದೊಗಳೆ. ಮೊದಲ ಮಹಾಯುದ್ಧದ ಕೊನೆಯಲ್ಲಿ ಯಾರ ಹೊಟ್ಟೆಗೆ ಏನಿತ್ತು, ದೊಗಳೆಯಾಗದೆ ಇನ್ನೇನು!

"ಸ್ವಾಮಿ, ಆ ಫೋಟೋದ ಬಗ್ಗೆ ಒಂದು ಮಾತು..."

"ಅಮ್ಮಾವ್ರೇ, ಮನೆಯವರ ಮಾತು ಇತಿಹಾಸ ಅಲ್ಲ. ಮುಖ ಸುಳ್ಳು ಹೇಳುತ್ತೆ, ಸಂಬಂಧಿಕರು ಸುಳ್ಳು ಹೇಳ್ತಾರೆ. ಗುಂಡಿ ಹೇಳಲ್ಲ. ಇದು ಕರ್ನಲ್ ಸಮವಸ್ತ್ರ ಹೌದೋ ಅಲ್ಲವೋ? ಅಷ್ಟು ಹೇಳಿ ಸಾಕು."

"ಹೌದು. ಅದು ಅಜ್ಜಂದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಮುಖಪುಟಕ್ಕೇ ಹಾಕ್ತೀನಿ."

ಬಿಲ್ಲಾ ಒಂದು ಕ್ಷಣ ಅವರ ಮುಖ ನೋಡಿದರು. "ಮುಖಪುಟಕ್ಕಾ? ಹಾಗಾದ್ರೆ ನಾನ್ಯಾಕೆ ಬಾಯಿ ಬಿಡಲಿ. ಹಾಕಿ ಸ್ವಾಮಿ, ಧಾರಾಳವಾಗಿ ಹಾಕಿ," ಎಂದರು.

ಮುದ್ರಕ ಇಡೀ ಫೋಟೋ ಹಾಕೋಣವೇ ಎಂದು ಕೇಳಿದ. "ಇದೇನು ಮದುವೆ ಆಲ್ಬಮ್ಮಾ? ಆ ಹೆಂಗಸನ್ನ ತೆಗೆದುಹಾಕಿ," ಎಂದು ಪ್ರಿಲ್ವಿಟ್ಸ್ ಗದರಿದರು.

ಬೇಸಿಗೆಯಲ್ಲಿ ಬಾನ್‌ನಲ್ಲೇ ಪುಸ್ತಕ ಬಿಡುಗಡೆ. ಮುಂದಿನ ಸಾಲಿನಲ್ಲೇ ಕ್ನಾಕ್, ಕೈಯಲ್ಲಿ ಭೂತಗನ್ನಡಿ.

"ತಪ್ಪಿದ್ರೆ ಇಲ್ಲೇ ತೋರಿಸಿ ಡಾಕ್ಟರೇ," ಎಂದು ಪ್ರಿಲ್ವಿಟ್ಸ್ ವೇದಿಕೆಯಿಂದಲೇ ಕೆಣಕಿದರು. "ತೋರಿಸಿದ್ರೆ ಇವತ್ತಿನಿಂದ ಪೆನ್ನು ಮುಟ್ಟಲ್ಲ."

ಕ್ನಾಕ್ ಮುಖಪುಟದ ಮೇಲೆ ಮೂಗು ತಗಲುವಷ್ಟು ಬಗ್ಗಿದರು. ಗುಂಡಿ ನೋಡಿದರು. ಭುಜಪಟ್ಟಿ ನೋಡಿದರು. ಪದಕ ಎಣಿಸಿದರು. ಕೊನೆಗೆ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, ಬೇವು ತಿಂದವರ ಮುಖ ಮಾಡಿ, "ಒಪ್ಪಿದೆ. ಇವರು ಕರ್ನಲ್ ವಾಲ್ರಾಫರೇ," ಎಂದರು.

ಚಪ್ಪಾಳೆಯೋ ಚಪ್ಪಾಳೆ. ಪ್ರಿಲ್ವಿಟ್ಸರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಿಲ್ಲಾ ಊರುಗೋಲು ಊರಿಕೊಂಡು ವೇದಿಕೆ ಹತ್ತಿ, ಮೈಕಿನ ಮುಂದೆಯೇ ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಹೊಟ್ಟೆ ತಣ್ಣಗಿರಲಿ ಸ್ವಾಮಿ! ಈ ಮನೇಲಿ ಕರ್ನಲ್ ಅಂದ್ರೆ ನಾನೇ ಅಂತ ನಮ್ಮಜ್ಜಿ ಸಾಯೋವರೆಗೂ ಹೇಳ್ತಿದ್ಲು, ಇವತ್ತು ಪಂಡಿತರೇ ಒಪ್ಪಿದ್ರು. ಆ ಕಾರ್ನಿವಲ್ ಗುರುವಾರ ಕಾಡಿಗೇಲಿ ಮೀಸೆ ಬರ್ಕೊಂಡು ಎಷ್ಟು ಗತ್ತಾಗಿ ನಿಂತಿದಾಳೆ ನೋಡಿ! ಆದ್ರೆ ಪಾಪ, ಆ ಹೂವಿನ ಲಂಗದಲ್ಲಿ ಅಷ್ಟು ಲಕ್ಷಣವಾಗಿದ್ದ ನಮ್ಮಜ್ಜನ್ನ ಯಾಕೆ ಕತ್ತರಿಸಿ ಹಾಕಿದ್ರಿ?"