ಐದು ಗುಂಡಿ, ಐದು ದಿನ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಟೈಲರಮ್ಮ ಸತ್ತಳು. ಸಾಯುವ ಮುಂಚೆ ಹಾಲು ಕಾಯಿಸಿ ಮುಚ್ಚಿಟ್ಟಳು, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದಳು, ಕನ್ನಡಕವನ್ನೂ ಎರಡು ಜೊತೆ ಬಟ್ಟೆಯನ್ನೂ ಚೀಲಕ್ಕೆ ತುರುಕಿಕೊಂಡಳು. ಆಮೇಲೆ ರಸ್ತೆ ದಾಟಿ, ಎದುರುಮನೆ ಗೆಳತಿಯ ಮಹಡಿ ಕೋಣೆಯಲ್ಲಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಳು. ಸಾವು ಐದು ದಿನದ ಮಟ್ಟಿಗೆ ಮಾತ್ರ.

ಹಿಂದಿನ ದಿನ ಮಕ್ಕಳೆಲ್ಲ ಊಟಕ್ಕೆ ಸೇರಿದ್ದಾಗ, ಹತ್ತು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಅವಳು ಮತ್ತೆ ಕೇಳಿದ್ದಳು: ನನ್ನ ನಂತರ ಚಿಕ್ಕವನನ್ನು ಯಾರು ನೋಡಿಕೊಳ್ಳುತ್ತೀರಿ? ಚಿಕ್ಕವನಿಗೆ ನಲವತ್ತೆರಡು ವರ್ಷ. ಬುದ್ಧಿ ನಿಧಾನ, ಗಡಿಯಾರ ನೋಡಲು ಬಾರದು, ಹತ್ತರ ಮೇಲೆ ಎಣಿಸಲು ಬಾರದು. ದೊಡ್ಡವನಿಗೆ ಎಲ್ಲವೂ ಬರುತ್ತಿತ್ತು. ಅವನು ವಿಮೆ ಏಜೆಂಟ್. ನೀವು ಹೋದ ಮೇಲೆ ನಿಮ್ಮವರ ಗತಿಯೇನು ಎಂದು ಊರವರನ್ನೆಲ್ಲ ಹೆದರಿಸುವುದೇ ಅವನ ಕಸುಬು.

"ನೀನ್ಯಾಕಮ್ಮ ತಲೆ ಕೆಡಿಸ್ಕೋತೀಯ? ನಾನಿಲ್ವಾ?" ಎಂದ ದೊಡ್ಡವನು.

"ನಾನೂ ಇದೀನಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ," ಎಂದಳು ಮಗಳು. ಅವಳು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆರುನೂರು ಮಕ್ಕಳನ್ನು ನೋಡಿಕೊಳ್ಳುವವಳಿಗೆ ತಮ್ಮನೊಬ್ಬ ಯಾವ ಲೆಕ್ಕ?

"ಹಾಗಾದ್ರೆ ನಾಳೆನೇ ಸಾಯ್ತೀನಿ. ಐದು ದಿನ. ಹೇಗೆ ನೋಡ್ಕೋತೀರ, ತೋರ್ಸಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಚಿಕ್ಕವನು ನಗಲಿಲ್ಲ. ಅವನ ಕೈಗೆ ಅವಳು ಅಂಗಿಯ ಗುಂಡಿಗಳಿದ್ದ ಒಂದು ತಗಡಿನ ಡಬ್ಬಿ ಕೊಟ್ಟಳು. "ಇದ್ರಲ್ಲಿ ಐದು ಗುಂಡಿ ಇದೆ. ದಿನಾ ಬೆಳಿಗ್ಗೆ ಮಾತ್ರೆ ನುಂಗಿ, ಒಂದನ್ನ ತೆಗ್ದು ಮಿಷಿನ್ನಿನ ಡ್ರಾಯರಿಗೆ ಹಾಕು. ಒಲೆ ಮುಟ್ಬೇಡ. ಅಣ್ಣ ಬರ್ತಾನೆ, ಅಕ್ಕ ಬರ್ತಾಳೆ. ಡಬ್ಬಿ ಖಾಲಿ ಆಗೋವರೆಗೂ ನಾನು ಬರಲ್ಲ. ತಿಳೀತಾ?" ಅವನು ತಲೆಯಾಡಿಸಿದ.

ಸೋಮವಾರ ಸಂಜೆ ದೊಡ್ಡವನು ಬಂದ. ಟೈಲರಮ್ಮನ ಎದೆ ತುಂಬಿ ಬಂತು. ಅವನು ಅಂಗಳದಲ್ಲೇ ನಿಂತು ತಮ್ಮನ ಹೆಗಲ ಮೇಲೆ ಕೈ ಹಾಕಿ ಒಂದು ಫೋಟೊ ತೆಗೆದುಕೊಂಡ. ಆಮೇಲೆ ಮನೆ ಕೊಳ್ಳಲು ಬಂದವನಂತೆ ಮುಂದಿನ ಕೋಣೆಯ ಗೋಡೆಯ ಉದ್ದವನ್ನು ಹೊರಗಿನಿಂದಲೇ ಹೆಜ್ಜೆ ಹಾಕಿ ಅಳೆದು, ಬಂದ ದಾರಿಯಲ್ಲೇ ಹೊರಟುಹೋದ. ಅವನ ಕಾರು ಮೂಲೆ ತಿರುಗುವ ಮೊದಲೇ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೊ ಬಿತ್ತು. ಕೆಳಗೆ 'ತಮ್ಮನೇ ನನ್ನ ಪ್ರಪಂಚ' ಎಂದು ಬರೆದಿತ್ತು. ಮಗಳು ಮೂರು ಹೃದಯ ಕಳಿಸಿದಳು.

ಮಂಗಳವಾರ ಹೃದಯವೂ ಬರಲಿಲ್ಲ, ಮಗಳೂ ಬರಲಿಲ್ಲ. ಟೈಲರಮ್ಮನ ಮೊಬೈಲು ಮಾತ್ರ ಹನ್ನೊಂದು ಸಲ ಹೊಡೆದುಕೊಂಡಿತು. ಹನ್ನೆರಡನೆಯ ಸಲ ಎತ್ತಿದಳು.

"ಅಮ್ಮಾ, ಅವ್ನು ಮಾತ್ರೆ ತಗೊಂಡ್ನಾ?"

"ನಾನು ನಿನ್ನೆನೇ ಸತ್ತೆ ಕಣೆ. ನಿನ್ನ ಅಣ್ಣನ್ನ ಕೇಳು."

"ಅವ್ನು ಫೋನ್ ಎತ್ತಲ್ಲ."

"ಬದುಕಿದಾನೆ ತಾನೆ? ನಾನು ಸತ್ರೂ ಎತ್ತಿದೆ ನೋಡು."

"ಈ ವಾರ ನಂಗೆ ಇನ್‌ಸ್ಪೆಕ್ಷನ್ ಅಮ್ಮ. ನೀನು ಮುಂದಿನ ತಿಂಗಳು ಇಟ್ಕೊಂಡಿದ್ರೆ ಚೆನ್ನಾಗಿತ್ತು."

ಟೈಲರಮ್ಮ ಫೋನ್ ಇಟ್ಟಳು. ತನ್ನ ಸಾವಿಗೆ ಮಕ್ಕಳು ಇಷ್ಟು ಬೇಗ ಒಗ್ಗಿಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ.

ಬುಧವಾರ ಮಧ್ಯಾಹ್ನದವರೆಗೂ ಆ ಬಾಗಿಲಿಗೆ ಯಾರೂ ಬರಲಿಲ್ಲ. ಮೂರು ದಿನ! ಏನು ತಿಂದನೋ, ಮಾತ್ರೆ ಮರೆತನೋ, ಎಲ್ಲಿ ಬಿದ್ದಿದ್ದಾನೋ. ಅವಳು ಪರೀಕ್ಷೆ ಮನೆ ಹಾಳಾಗಲಿ ಎಂದು ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ ಬಾಗಿಲು ಬಡಿದಳು.

ಬಾಗಿಲು ಚಿಲಕದ ಸರಪಳಿ ಬಿಟ್ಟಷ್ಟೇ ತೆರೆಯಿತು. ಚಿಕ್ಕವನ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ ಕುಳಿತಿದ್ದವು. ಅವನ ಹಿಂದೆ ಮೇಜಿನ ಮೇಲೆ ಅರ್ಧ ಬ್ರೆಡ್ಡು, ತೊಳೆದು ಬೋರಲಿಟ್ಟ ತಟ್ಟೆ, ಮೂರು ಗುಳಿ ಖಾಲಿಯಾದ ಮಾತ್ರೆಯ ಹಾಳೆ. ಅವಳಿಗೆ ಹೋದ ಜೀವ ಬಂದಂತಾಯಿತು. ಎಲ್ಲರಿಗಿಂತ ದಡ್ಡನೆಂದು ತಾನೇ ಹತ್ತು ವರ್ಷ ಅತ್ತದ್ದು ನೆನಪಾಗಿ ನಾಚಿಕೆಯೂ ಆಯಿತು.

"ತೆಗಿಯೋ ಬಾಗಿಲು. ಆಟ ಸಾಕು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ಸಂತೋಷವಿತ್ತು, ಆದರೆ ಕೈ ಸರಪಳಿಯ ಕಡೆಗೆ ಹೋಗಲಿಲ್ಲ.

"ಅಣ್ಣ ಬರ್ತಾನೆ ಅಂತ ನೀನು ಹೇಳ್ದೆ. ಫೋಟೊ ತೆಗ್ದು ಹೋದ. ಅಕ್ಕ ಬರ್ತಾಳೆ ಅಂತ ಹೇಳ್ದೆ. ಬರ್ಲೇ ಇಲ್ಲ," ಎಂದ ನಿಧಾನವಾಗಿ, ಒಂದೊಂದು ಬೆರಳು ಮಡಚುತ್ತ. "ನಾನು ಬರಲ್ಲ ಅಂತ ಹೇಳ್ದೆ. ನೀನು ಬಂದ್ಬಿಟ್ಟೆ."

ಆಮೇಲೆ ತಗಡಿನ ಡಬ್ಬಿಯನ್ನು ಬಾಗಿಲ ಸಂದಿಗೆ ಹಿಡಿದು ಅವಳ ಮುಖದ ಮುಂದೆ ಅಲ್ಲಾಡಿಸಿದ. ಒಳಗೆ ಉಳಿದಿದ್ದ ಎರಡು ಗುಂಡಿಗಳು ಕಟಕಟ ಎಂದವು. ಅವನು ಮೆಲ್ಲಗೆ ಬಾಗಿಲು ಮುಚ್ಚಿದ.